ಹಳೆಯ ಪಿಕಪ್‌ನ ಮಾಸ್ಟರ್ ಸಿಲಿಂಡರಿಗೆ ಬ್ರೇಕ್ ಪೈಪ್ ಜೋಡಿಸಿದ ಬಗೆ

ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ನನ್ನ ಹಳೆಯ ಪಿಕಪ್‌ಗೆ ಹೊಸ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಪೈಪುಗಳಿಗೆ ದೂಡುವ ಭಾಗ) ಹಾಕಿದಾಗ, ಸಿಲಿಂಡರನ್ನು ಕೂರಿಸುವುದಕ್ಕಿಂತ ಅದಕ್ಕೆ ಎರಡು ಪೈಪುಗಳನ್ನು ಸೇರಿಸುವುದೇ ನಿಜವಾದ ಕೆಲಸವಾಯಿತು. ಹಳೆಯ ನಟ್‌ಗಳು ಪೈಪಿನೊಂದಿಗೆ ತುಕ್ಕು ಹಿಡಿದು ಒಂದಾಗಿರುತ್ತವೆ. ಸಾಮಾನ್ಯ ಸ್ಪ್ಯಾನರ್ ಹಾಕಿದರೆ ನಟ್‌ನ ಮೂಲೆಗಳು ಸವೆದು ದುಂಡಗಾಗುತ್ತವೆ. ಆದ್ದರಿಂದ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ನೆನೆಯಲು ಬಿಟ್ಟು, ನಟ್ಟನ್ನು ಸುತ್ತಲೂ ಅಪ್ಪಿ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರನ್ನೇ ಬಳಸಿದೆ. ಒಂದು ನಟ್ ಸಲೀಸಾಗಿ ಬಂತು. ಇನ್ನೊಂದು ತಿರುಗಿದಾಗ ಪೈಪೂ ಜೊತೆಗೇ ತಿರುಚಿಕೊಳ್ಳತೊಡಗಿದ್ದರಿಂದ, ಅದನ್ನು ಉಳಿಸಿಕೊಳ್ಳಲು ಹೆಣಗದೆ ಕತ್ತರಿಸಿ ಹೊಸ ತುದಿ ಮಾಡಿದೆ.

ಪೈಪಿನ ಅಳತೆ 3/16 ಇಂಚು. ಹೊಸ ನಟ್ಟನ್ನು ಮೊದಲೇ ಪೈಪಿಗೆ ತೂರಿಸಿ, ಕತ್ತರಿಸಿದ ಅಂಚಿನ ಒರಟನ್ನು ಉಜ್ಜಿ ತೆಗೆದು, 45 ಡಿಗ್ರಿಯ ಡಬಲ್ ಫ್ಲೇರ್ ಹೊಡೆದೆ, ಅಂದರೆ ಪೈಪಿನ ತುದಿಯನ್ನು ಎರಡು ಪದರವಾಗಿ ಮಡಿಚಿ ಅಗಲಿಸಿದೆ. ಒಂದೇ ಪದರದ ಫ್ಲೇರ್ ಬ್ರೇಕಿನ ಒತ್ತಡಕ್ಕೆ ಸೀಳುವ ಸಂಭವವಿದೆ. ಬಬಲ್ ಫ್ಲೇರ್ ಎಂಬ ಇನ್ನೊಂದು ಬಗೆಯೂ ಉಂಟು. ಅದು ಕೂರುವ ಆಸನವೇ ಬೇರೆಯಾದುದರಿಂದ ಸಿಲಿಂಡರಿನ ರಂಧ್ರದೊಳಗೆ ಟಾರ್ಚ್ ಬಿಟ್ಟು ನೋಡಿದ ಮೇಲೆಯೇ ಕೆಲಸಕ್ಕೆ ಕೈ ಹಾಕಬೇಕು. ಸೋರಿಕೆಯನ್ನು ತಡೆಯುವುದು ಥ್ರೆಡ್ ಅಲ್ಲ, ಆಸನಕ್ಕೆ ಒತ್ತಿ ಕೂರುವ ಈ ಫ್ಲೇರ್. ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿದರೆ ಪ್ರಯೋಜನವಿಲ್ಲ, ಅದರ ಚೂರುಗಳು ಒಳಗೆ ಹೋಗುವ ಅಪಾಯ ಮಾತ್ರ ಇದೆ.

ಯಾವ ರಂಧ್ರಕ್ಕೆ ಯಾವ ಪೈಪ್ ಎಂಬುದನ್ನು ಸ್ಥಾನ ನೋಡಿ ಊಹಿಸಲು ಹೋಗಲಿಲ್ಲ. ಕ್ಯಾಲಿಪರ್‌ಗಳಿಗೆ (ಡಿಸ್ಕನ್ನು ಅಪ್ಪಿ ಹಿಡಿಯುವ ಭಾಗ) ಹೆಚ್ಚು ಆಯಿಲ್ ಬೇಕಾಗುವುದರಿಂದ ಸಾಮಾನ್ಯವಾಗಿ ಸಿಲಿಂಡರಿನ ಆಯಿಲ್ ಡಬ್ಬಿಯ ದೊಡ್ಡ ಕೋಣೆ ಡಿಸ್ಕ್‌ಗಳದ್ದು. ಆದರೂ ಪ್ರತಿ ಪೈಪನ್ನು ಕೈಯಿಂದ ಸವರುತ್ತ ಅದು ಎಲ್ಲಿಗೆ ಹೋಗುತ್ತದೆಂದು ನೋಡಿಕೊಂಡೆ.

ಸಿಲಿಂಡರನ್ನು ಗಾಡಿಗೆ ಹಾಕುವ ಮೊದಲೇ ವೈಸ್‌ನಲ್ಲಿ ಮಟ್ಟವಾಗಿ ಹಿಡಿದು, ಎರಡೂ ರಂಧ್ರಗಳಿಂದ ಚಿಕ್ಕ ಕೊಳವೆಗಳನ್ನು ಅದರ ಆಯಿಲ್ ಡಬ್ಬಿಗೇ ಬಾಗಿಸಿ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ಪಿಸ್ಟನ್ ಅನ್ನು ನಿಧಾನವಾಗಿ ಒತ್ತುತ್ತಿದ್ದೆ. ಇದನ್ನು ಬಿಟ್ಟರೆ ಆಮೇಲೆ ಚಕ್ರಗಳ ಬಳಿ ಬ್ರೇಕ್ ಪೈಪುಗಳಿಂದ ಎಷ್ಟು ಗಾಳಿ ತೆಗೆದರೂ ಪೆಡಲ್ ಮೆತ್ತಗೇ ಉಳಿಯಬಹುದು.

ಜೋಡಿಸುವಾಗ ಸಿಲಿಂಡರನ್ನು, ಪೆಡಲಿನ ಒತ್ತಡವನ್ನು ಹೆಚ್ಚಿಸುವ ಬೂಸ್ಟರಿನ ಬೋಲ್ಟ್‌ಗಳ ಮೇಲೆ ಸಡಿಲವಾಗಿಯೇ ಇಟ್ಟೆ. ಅದು ಅಲುಗಾಡುವಂತಿದ್ದರೆ ಪೈಪಿನ ಕೋನಕ್ಕೆ ಸರಿಯಾಗಿ ಹೊಂದಿಸಿಕೊಳ್ಳಬಹುದು. ಮೊದಲೇ ಬಿಗಿದುಬಿಟ್ಟರೆ ಪೈಪನ್ನು ಬಲವಂತದಿಂದ ಬಗ್ಗಿಸಬೇಕಾಗುತ್ತದೆ, ನಟ್ ಓರೆಯಾಗಿ ಹತ್ತುತ್ತದೆ, ಅಲ್ಯೂಮಿನಿಯಂ ಸಿಲಿಂಡರಾದರೆ ಥ್ರೆಡ್ ಹಾಳಾಗುವುದು ಖಂಡಿತ. ಬೆರಳಿನಿಂದಲೇ ನಾಲ್ಕೈದು ಸುತ್ತು ಹೋಗದ ನಟ್‌ಗೆ ನಾನು ಸ್ಪ್ಯಾನರ್ ಮುಟ್ಟಿಸುವುದಿಲ್ಲ. ಎರಡೂ ಹಿಡಿದ ಮೇಲೆ ಸಿಲಿಂಡರ್ ಬಿಗಿದು, ನಟ್‌ಗಳನ್ನು ಬಿಗಿ ಮಾಡಿ, ತುಸು ಸಡಿಲಿಸಿ, ಮತ್ತೆ ಬಿಗಿದೆ. ಹೊಸ ಫ್ಲೇರ್ ಆಸನಕ್ಕೆ ಒಗ್ಗಿಕೊಳ್ಳಲು ಇದು ನೆರವಾಗುತ್ತದೆ.

ಡಬ್ಬಿಗೆ ಮುಚ್ಚಳದ ಮೇಲೆ ಬರೆದಿದ್ದ ಡಾಟ್ 3 ದರ್ಜೆಯ ಬ್ರೇಕ್ ಆಯಿಲನ್ನೇ, ಅದೂ ಹೊಸದಾಗಿ ಒಡೆದ ಡಬ್ಬದಿಂದ ಹಾಕಿದೆ, ಏಕೆಂದರೆ ತೆರೆದಿಟ್ಟ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಬಣ್ಣದ ಮೇಲೆ ಬಿದ್ದರೆ ಬಣ್ಣ ಎದ್ದುಬರುವುದರಿಂದ ಕೆಳಗೆ ಹಳೆಯ ಬಟ್ಟೆ ಹಾಸಿದ್ದೆ. ಬಳಿಕ ಸಿಲಿಂಡರಿನಿಂದ ದೂರದ ಹಿಂಚಕ್ರದಿಂದ ಆರಂಭಿಸಿ ನಾಲ್ಕೂ ಚಕ್ರಗಳ ಬ್ರೇಕಿನೊಳಗಿನ ಗಾಳಿ ತೆಗೆದೆ. ಕೊನೆಗೆ ಎರಡೂ ನಟ್‌ಗಳನ್ನು ಒಣಗಿಸಿ, ಟಿಶ್ಯೂ ಕಾಗದ ಸುತ್ತಿ, ಇನ್ನೊಬ್ಬರಿಂದ ಪೆಡಲನ್ನು ಬಲವಾಗಿ ಒತ್ತಿ ಹಿಡಿಸಿದೆ. ಕಾಗದ ಒಣಗಿಯೇ ಇತ್ತು, ಪೆಡಲೂ ಕೆಳಗಿಳಿಯಲಿಲ್ಲ.