ಮೈಕ್ ಸೆಟ್ ಆಂಪ್ಲಿಫೈಯರಿನಲ್ಲಿ ಎಪ್ಪತ್ತರ ದಶಕದ ಹೆವಿ ಮೆಟಲ್: ನನ್ನ ಅನುಭವ

ನಮ್ಮದು ಮೂರೇ ಜನರ ಬ್ಯಾಂಡ್. ಗಿಟಾರು, ಹಾಡು ನನ್ನದು. ಬೇಸ್ ಗಿಟಾರು ನನ್ನ ಅತ್ತೆ ಮಗನದು. ಡ್ರಮ್ಸ್ ನುಡಿಸುವವನು ಸಾಗರದ ಕಡೆಯ ಹುಡುಗ, ಡೊಳ್ಳು ಕುಣಿತದ ತಂಡದಲ್ಲಿ ಬೆಳೆದವನು. ಹಾಡುಗಳು ಹೊಸವು, ಕನ್ನಡದವು, ನಾವೇ ಕಟ್ಟಿದವು. ಸದ್ದು ಮಾತ್ರ 1970ರ ಆಸುಪಾಸಿನದು. ಶಿವಮೊಗ್ಗದಲ್ಲಿ ಕೂತು ಆ ಸದ್ದು ಹೇಗೆ ಬಂತು ಅಂತ ಗಿಟಾರು ಕಲಿಯುವ ಹುಡುಗರು ಆಗಾಗ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಹಳೇ ಹೆವಿ ಮೆಟಲ್‌ನ ಭಾರ ಇರುವುದು ಗೇನ್ ಗುಂಡಿಯಲ್ಲಿ, ಅಂದರೆ ಸದ್ದನ್ನು ಒಡೆಸುವ ಗುಂಡಿಯಲ್ಲಿ, ಅಲ್ಲ. ಈಗಿನ ಮೆಟಲ್ ರೆಕಾರ್ಡಿಂಗ್‌ಗಳಲ್ಲಿ ಗಿಟಾರಿನ ಒಂದೊಂದು ಮೀಟೂ ಒಂದೇ ಸಮ ಕೇಳುತ್ತದೆ, ಮೆಲ್ಲಗೆ ಮೀಟಿದರೂ ಅಷ್ಟೇ, ಜೋರಾಗಿ ಮೀಟಿದರೂ ಅಷ್ಟೇ. ಹಳೆಯದರಲ್ಲಿ ಹಾಗಲ್ಲ. ಗೇನ್ ಕಡಿಮೆ, ಆಂಪ್ಲಿಫೈಯರ್ ಜೋರು, ಉಳಿದದ್ದೆಲ್ಲ ಕೈಯ ಕೆಲಸ. ಇಂಗ್ಲೆಂಡಿನ ಹೆವಿ ಮೆಟಲ್ ತಂಡ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಂ ಫೆಬ್ರವರಿ 1970ರಲ್ಲಿ ಬಂತು. ಅದನ್ನು ನುಡಿಸಿ ರೆಕಾರ್ಡ್ ಮಾಡಿದ್ದು ಹೆಚ್ಚೂಕಡಿಮೆ ಒಂದೇ ದಿನದಲ್ಲಿ. ಎಲ್ಲರೂ ಒಟ್ಟಿಗೆ ನುಡಿಸಿದರೆ ಮಾತ್ರ ಅದು ಸಾಧ್ಯ. ನಾವು ಹಿಡಿದ ದಾರಿಯೂ ಅದೇ.

ಆ ತಂಡ ನನಗೆ ಹತ್ತಿರವಾಗಲು ಇನ್ನೊಂದು ಕಾರಣ ಇದೆ. ಅವರು ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆ ಬೀದಿಗಳ ಹುಡುಗರು. ನಾನು ಹುಟ್ಟಿದ್ದು ಭದ್ರಾವತಿಯಲ್ಲಿ. 1923ರಲ್ಲಿ ಕಬ್ಬಿಣ ತೆಗೆಯಲು ಶುರು ಮಾಡಿದ ಕಾರ್ಖಾನೆಯ ಸುತ್ತ ಬೆಳೆದ ಊರು ಅದು. ಸಬ್ಬತ್‌ನ ಗಿಟಾರಿಸ್ಟ್ ಟೋನಿ ಐಯೋಮಿ ಹದಿನೇಳನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಕಳೆದುಕೊಂಡ. ಎಡಚನಾದ್ದರಿಂದ ತಂತಿ ಒತ್ತುವ ಕೈಯೇ ಅದು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ, ತೆಳು ತಂತಿ ಹಾಕಿದ. ಆಮೇಲೆ 1971ರ ಹೊತ್ತಿಗೆ ತಂತಿಗಳನ್ನು ಮೂರು ಅರ್ಧಸ್ವರದಷ್ಟು ಇಳಿಸಿ ಸಡಿಲ ಮಾಡಿದ. ಆ ಇಳಿಸಿದ ಶ್ರುತಿ ಮುಂದೆ ಎಷ್ಟೋ ಮೆಟಲ್ ತಂಡಗಳ ಸದ್ದಾಯಿತು. ಕೈಗೆ ಸಿಕ್ಕಿದ್ದರಲ್ಲಿ ಮಾಡಿದ್ದು ಅಲ್ವಾ? ಹಾಗಾಗಿ ಲಕ್ಷಗಟ್ಟಲೆ ಬೆಲೆಯ ವಿದೇಶಿ ಆಂಪ್ಲಿಫೈಯರ್ ತರಿಸುವ ಯೋಚನೆ ಬಿಟ್ಟು, ನಮ್ಮೂರಲ್ಲಿ ಏನಿದೆ ಅಂತ ಹುಡುಕಿದೆ.

ಸಿಕ್ಕಿದ್ದು ಮೈಕ್ ಸೆಟ್. ಮದುವೆ, ಜಾತ್ರೆ, ಯಕ್ಷಗಾನಕ್ಕೆ ಬಾಡಿಗೆಗೆ ಹೋಗುತ್ತಿದ್ದ ಹಳೇ ವಾಲ್ವ್ ಆಂಪ್ಲಿಫೈಯರ್. ವಾಲ್ವ್ ಅಂದರೆ ಟ್ರಾನ್ಸಿಸ್ಟರ್ ಬರುವ ಮೊದಲು ಬಳಸುತ್ತಿದ್ದ ಗಾಜಿನ ಕೊಳವೆ. ತೀರ್ಥಹಳ್ಳಿ ಕಡೆಯ ಒಂದು ಸೌಂಡ್ಸ್ ಅಂಗಡಿಯ ಅಟ್ಟದಲ್ಲಿತ್ತು. ಮುಚ್ಚಳ ಬಿಚ್ಚಿದಾಗ ಒಳಗೆ ಜೋಡಿ ಇಎಲ್ 34 ವಾಲ್ವ್ ಕಂಡವು. ಅರವತ್ತರ ದಶಕದ ಕೊನೆಯ ಇಂಗ್ಲೆಂಡಿನ ಮಾರ್ಷಲ್ ಗಿಟಾರು ಆಂಪ್ಲಿಫೈಯರುಗಳಲ್ಲಿ ಇದ್ದದ್ದೂ ಅದೇ ಜಾತಿಯ ವಾಲ್ವ್. ಅಂಗಡಿ ಯಜಮಾನರಿಗೆ ನಾನು ಕೇಳಿದ್ದು ಏನು ಅಂತ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ, "ತಗಂಡ್ ಹೋಗು ಮಾರಾಯ, ಆದ್ರೆ ಸೀದಾ ಕರೆಂಟಿಗೆ ಹಾಕ್ಬೇಡ" ಅಂದರು. ಆ ಒಂದು ಮಾತು ಬಹಳ ದೊಡ್ಡದು.

ಯಾಕೆ ಅಂದರೆ ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದ ವಾಲ್ವ್ ಸೆಟ್‌ನಲ್ಲಿ ಕೆಪಾಸಿಟರುಗಳು (ವಿದ್ಯುತ್ ಕೂಡಿಟ್ಟುಕೊಳ್ಳುವ ಬಿಡಿಭಾಗಗಳು) ಒಣಗಿರುತ್ತವೆ. ಒಮ್ಮೆಲೇ 230 ವೋಲ್ಟ್ ಕೊಟ್ಟರೆ ಅವು ಸಿಡಿಯಬಹುದು, ಟ್ರಾನ್ಸ್‌ಫಾರ್ಮರ್ ಸುಡಬಹುದು. ಟ್ರಾನ್ಸ್‌ಫಾರ್ಮರ್ ಹೋದರೆ ಮತ್ತೆ ಸುತ್ತಿಸುವುದು ಸುಲಭವಲ್ಲ. ರೇಡಿಯೊ ರಿಪೇರಿಯಲ್ಲಿ ಕೈ ಪಳಗಿದ ಹಿರಿಯರೊಬ್ಬರ ಹತ್ತಿರ ಒಯ್ದೆವು. ಅವರು ಸೀರೀಸ್ ಬಲ್ಬ್ ಹಾಕಿ ಪರೀಕ್ಷೆ ಮಾಡಿದರು. ನೂರು ವಾಟಿನ ಹಳೇ ಬಲ್ಬು ಸೆಟ್‌ನ ಸಾಲಿನಲ್ಲಿ ಇರುತ್ತದೆ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಸೆಟ್ ಉಳಿಯುತ್ತದೆ. ಮಂದವಾಗಿ ಉರಿದರೆ ಮುಂದುವರಿಯಬಹುದು. ನಮ್ಮದು ಮೊದಲು ಭಗ್ಗನೆ ಉರಿಯಿತು. ಫಿಲ್ಟರ್ ಕೆಪಾಸಿಟರುಗಳನ್ನೂ ಕಾಗದದ ಹಳೇ ಕೆಪಾಸಿಟರುಗಳನ್ನೂ ಪೂರ್ತಿ ಬದಲಾಯಿಸಿದ ಮೇಲೆ ಮಂದವಾಯಿತು. ಮನೆಯಲ್ಲಿ ಯಾರೂ ಇದನ್ನು ಒಬ್ಬರೇ ಮಾಡಲು ಹೋಗಬೇಡಿ. ಒಳಗೆ 400 ವೋಲ್ಟಿಗೂ ಮೇಲೆ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಅದು ಕೂತಿರುತ್ತದೆ.

ಮೈಕ್ ಸೆಟ್ ಮಾಡುವವರ ಗುರಿ ಭಾಷಣ ಸ್ಪಷ್ಟವಾಗಿ ಕೇಳಬೇಕು ಅನ್ನುವುದು. ನಮ್ಮ ಗುರಿ ಅದಕ್ಕೆ ತದ್ವಿರುದ್ಧ. ಸದ್ದು ಒಡೆಯದಿರಲಿ ಅಂತ ಔಟ್‌ಪುಟ್‌ನಿಂದ ಹಿಂದಕ್ಕೆ ನೆಗೆಟಿವ್ ಫೀಡ್‌ಬ್ಯಾಕ್ ಕೊಟ್ಟಿರುತ್ತಾರೆ. ಅಲ್ಲಿನ ರೆಸಿಸ್ಟರಿನ ಓಮ್ ಮೌಲ್ಯ ಹೆಚ್ಚಿಸಿ ಅದನ್ನು ಸಡಿಲ ಮಾಡಿಸಿದೆವು. ಮಂದ್ರದ ಸದ್ದು ಕೆಸರಾಗದಂತೆ ಮೊದಲ ಹಂತದಿಂದ ಮುಂದಿನದಕ್ಕೆ ಸದ್ದು ದಾಟಿಸುವ ಕಪ್ಲಿಂಗ್ ಕೆಪಾಸಿಟರನ್ನು 0.022 ಮೈಕ್ರೊಫ್ಯಾರಡ್‌ಗೆ ಇಳಿಸಿದೆವು. ಇಷ್ಟೇ ಬದಲಾವಣೆ. ಆಮೇಲೆ ಗಿಟಾರು ಸಿಕ್ಕಿಸಿ ಮಂದ್ರದ ದಪ್ಪ ತಂತಿ ಜೋರಾಗಿ ಮೀಟಿದರೆ, ಸದ್ದು ಒಂದು ಕ್ಷಣ ಕುಗ್ಗಿ ಮತ್ತೆ ಎದ್ದು ಬರುತ್ತದೆ. ಜೋರು ಮೀಟಿಗೆ ಒಳಗಿನ ವೋಲ್ಟೇಜ್ ಇಳಿದು ಮತ್ತೆ ಏರುವುದರಿಂದ ಹಾಗಾಗುವುದು. ಗಿಟಾರಿನ ವಾಲ್ಯೂಮ್ ಇಳಿಸಿದರೆ ಸದ್ದು ತಿಳಿಯಾಗುತ್ತದೆ. ಪೆಡಲ್ ತುಳಿಯುವ ಅಗತ್ಯವೇ ಇಲ್ಲ. ನಾನು ಹುಡುಕುತ್ತಿದ್ದದ್ದು ಇದನ್ನೇ.

ಕಹಳೆ ಸ್ಪೀಕರ್ ಇದಕ್ಕೆ ಆಗುವುದಿಲ್ಲ. ಹನ್ನೆರಡು ಇಂಚಿನ, 8 ಓಮ್‌ನ ಎರಡು ಸ್ಪೀಕರನ್ನು ಪ್ಲೈವುಡ್ ಪೆಟ್ಟಿಗೆಯಲ್ಲಿ ಕೂರಿಸಿ, ಸೀರೀಸ್ ಮಾಡಿ 16 ಓಮ್‌ನ ತುದಿಗೆ ಕೊಟ್ಟೆವು. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ಲಿಫೈಯರನ್ನು ನುಡಿಸಬಾರದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತದೆ.

ಸೋಲೊಗೆ ಮಾತ್ರ ಒಂದು ಫಜ್ ಪೆಡಲ್ (ಸದ್ದು ಒಡೆಸುವ, ಕಾಲಲ್ಲಿ ತುಳಿಯುವ ಪೆಟ್ಟಿಗೆ) ಇದೆ. ಎಸಿ 128 ಅನ್ನುವ ಜರ್ಮೇನಿಯಂ ಟ್ರಾನ್ಸಿಸ್ಟರ್ ಎರಡು ಹಾಕಿ ಕಟ್ಟಿದ್ದು. ಹಳೇ ಟ್ರಾನ್ಸಿಸ್ಟರ್ ರೇಡಿಯೊಗಳಲ್ಲಿ ಇವು ಇರುತ್ತಿದ್ದವು. ಜರ್ಮೇನಿಯಂನ ಸ್ವಭಾವ ವಿಚಿತ್ರ. ಬಿಸಿ ಏರಿದಂತೆ ಅದರೊಳಗಿನ ಸೋರಿಕೆ ಹೆಚ್ಚುತ್ತದೆ, ಸದ್ದು ಗಂಟಲು ಕಟ್ಟಿದ ಹಾಗೆ ಆಗುತ್ತದೆ. ಏಪ್ರಿಲ್ ಮಧ್ಯಾಹ್ನ ಶಿವಮೊಗ್ಗದ ತಾರಸಿ ಮನೆಯಲ್ಲಿ ಅದನ್ನು ನುಡಿಸುವುದೇ ಬೇಡ. ಅದೇ ಪೆಡಲ್ ಮಳೆಗಾಲದಲ್ಲಿ ಘಟ್ಟದ ತಂಪಿನಲ್ಲಿ ಎಷ್ಟು ಚೆನ್ನಾಗಿ ಹಾಡುತ್ತದೆ! ಮಲೆನಾಡಿನ ಹವೆ ಈ ವಿಷಯದಲ್ಲಿ ನಮ್ಮ ಕಡೆ ಇದೆ. ಉಳಿದ ವಿಷಯಗಳಲ್ಲಿ ಇಲ್ಲ. ತಂತಿ ಬೇಗ ತುಕ್ಕು ಹಿಡಿಯುತ್ತದೆ, ಸಾಕೆಟ್‌ಗಳು ಕಿಲುಬುತ್ತವೆ, ಗಿಟಾರಿನ ಪೆಟ್ಟಿಗೆಯೊಳಗೆ ಬೂಸಲು.

ಶ್ರುತಿಯನ್ನು ಒಂದು ಸ್ವರ ಇಳಿಸಿ, ದಪ್ಪ ತಂತಿಯನ್ನು ಡಿ (D) ಸ್ವರಕ್ಕೆ ತಂದಿದ್ದೇವೆ. ಇನ್ನೂ ಇಳಿಸಿದರೆ ನನ್ನ ಕಂಠಕ್ಕೆ ಒಗ್ಗುವುದಿಲ್ಲ. ರಿಫ್ (ಮತ್ತೆ ಮತ್ತೆ ಬರುವ ಗಿಟಾರಿನ ಸ್ವರಗುಚ್ಛ) ಕಟ್ಟುವಾಗ ಚಿಕ್ಕಂದಿನ ಸಂಗೀತದ ಪಾಠ ನೆರವಿಗೆ ಬಂತು. ಬ್ಲೂಸ್‌ನಿಂದ ಈ ಸಂಗೀತಕ್ಕೆ ಬಂದ ಐದು ಸ್ವರದ ಮೈನರ್ ಸ್ಕೇಲಿನ ಸ್ವರಗಳು ನಮ್ಮ ಶುದ್ಧ ಧನ್ಯಾಸಿಯವೇ. ಸಬ್ಬತ್‌ನವರು ಕತ್ತಲೆಯ ಬಣ್ಣ ತರಲು ಬಳಸಿದ ಅಂತರ ಷಡ್ಜದಿಂದ ಪ್ರತಿ ಮಧ್ಯಮಕ್ಕೆ ಇರುವಷ್ಟೇ. ಕಲ್ಯಾಣಿಯಲ್ಲಿ ಎಷ್ಟು ಬೆಳಕಾಗಿ ಕೇಳುವ ಸ್ವರ ಅದು! ಪಕ್ಕದಲ್ಲಿ ಪಂಚಮ, ಗಾಂಧಾರ ಇಲ್ಲದೆ ಒಂಟಿಯಾಗಿ, ನಿಧಾನವಾಗಿ ಹಿಡಿದರೆ ಮೈ ಜುಂ ಅನ್ನಿಸುತ್ತದೆ. ನಮ್ಮ ಒಂದು ಹಾಡು ಪೂರ್ತಿ ಈ ಎರಡು ಸ್ವರಗಳ ಮೇಲೇ ನಿಂತಿದೆ.

ಮೂರು ಜನರ ತಂಡದ ನಿಜವಾದ ಕಷ್ಟ ಬೇಸ್‌ನದು. ನಾನು ಸೋಲೊಗೆ ಹೋದ ಕೂಡಲೇ ರಿಫ್ ಹಿಡಿಯುವವರು ಯಾರೂ ಇಲ್ಲ. ಇನ್ನೊಂದು ಗಿಟಾರನ್ನು ಆಮೇಲೆ ರೆಕಾರ್ಡ್ ಮಾಡಿ ತುಂಬಿಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ವೇದಿಕೆ ಮೇಲೆ ಕೇಳಿಸದ್ದು ರೆಕಾರ್ಡಿನಲ್ಲೂ ಬೇಡ. 1966ರ ಕ್ರೀಮ್, ಆಮೇಲಿನ ಮೋಟರ್‌ಹೆಡ್, ನಮ್ಮ ಕಾಲದಲ್ಲಿ ಮೂವರಾಗಿ ಶುರುವಾದ ಬರ್ಲಿನ್‌ನ ಕಡಾವರ್, ಈ ರಾಕ್ ತಂಡಗಳನ್ನೆಲ್ಲ ಬೇಸ್‌ಗೆ ಮಾತ್ರ ಕಿವಿ ಕೊಟ್ಟು ಕೇಳಿ. ಮೋಟರ್‌ಹೆಡ್‌ನ ಲೆಮ್ಮಿ, ಸಬ್ಬತ್‌ನ ಗೀಜರ್ ಬಟ್ಲರ್ ಇಬ್ಬರೂ ಮೊದಲು ರಿದಮ್ ಗಿಟಾರು ನುಡಿಸುತ್ತಿದ್ದವರು. ಲೆಮ್ಮಿ ಬೇಸ್ ಮೇಲೂ ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿಯುತ್ತಿದ್ದ. ನನ್ನ ಅತ್ತೆ ಮಗನಿಗೆ ನಾನು ಹೇಳಿದ್ದು ಇಷ್ಟೇ: "ನಾನು ಮೇಲೆ ಹೋದಾಗ ನೀನು ಎರಡು ತಂತಿ ಒಟ್ಟಿಗೆ ಹಿಡಿ ಮಾರಾಯ." ಅವನ ಸಿಗ್ನಲ್ ಎರಡಾಗಿ ಹೋಗುತ್ತದೆ. ಒಂದು ಶುದ್ಧವಾಗಿ, ಇನ್ನೊಂದು ಒಡೆದ ಸದ್ದಾಗಿ. ಪೂರ್ತಿ ಒಡೆಸಿದರೆ ತಳ ಮಾಯವಾಗುತ್ತದೆ, ಅದಕ್ಕೇ ಹೀಗೆ.

ಡ್ರಮ್ಸ್ ಬಗ್ಗೆ ನಾನು ಕಲಿಸಬೇಕಾದ್ದು ಏನೂ ಇರಲಿಲ್ಲ. ಡೊಳ್ಳು ಬಾರಿಸಿದವನ ಪೆಟ್ಟು ಭುಜದಿಂದ ಬರುತ್ತದೆ, ಮತ್ತೆ ಅದಕ್ಕೊಂದು ಹೆಜ್ಜೆ ಇರುತ್ತದೆ. ಸಬ್ಬತ್‌ನ ಡ್ರಮ್ಮರ್ ಬಿಲ್ ವಾರ್ಡ್ ಜಾಝ್ ಕೇಳಿ ಬೆಳೆದವನಾದ್ದರಿಂದ ಅವನ ನಡೆಯಲ್ಲೂ ಆ ತೂಗಾಟ ಇದೆ. ಕಾಲಲ್ಲಿ ಬಾರಿಸುವ ಕಿಕ್ ಡ್ರಮ್‌ನೊಳಗಿನ ದಿಂಬು ತೆಗೆದೆವು, ಚರ್ಮಗಳಿಗೆ ಅಂಟಿಸಿದ್ದ ಟೇಪ್ ಕಿತ್ತೆವು, ಲಯ ಕಾಯುವ ಮೆಟ್ರೊನೋಮ್ ಬಿಟ್ಟೆವು.

ರೆಕಾರ್ಡ್ ಮಾಡಿದ್ದು ಅತ್ತೆ ಮನೆಯ ಅಡಿಕೆ ದಾಸ್ತಾನಿನ ಕೋಣೆಯಲ್ಲಿ. ಹೆಂಚಿನ ಮಾಡು, ಕೆಳಗೆ ಮರದ ಮುಚ್ಚಿಗೆ, ಮೂರು ಗೋಡೆಗೆ ಒಟ್ಟಿದ ಅಡಿಕೆ ಚೀಲ. ಗೋಣಿಚೀಲದಷ್ಟು ಚೆನ್ನಾಗಿ ಪ್ರತಿಧ್ವನಿ ಹೀರುವ ವಸ್ತು ನಾನು ಕಂಡಿಲ್ಲ. ಮಳೆ ಶುರುವಾದರೆ ಹೆಂಚಿನ ಸದ್ದು ಎಲ್ಲ ಮೈಕಿಗೂ ಬರುತ್ತದೆ. ಹಾಗಾಗಿ ಸುಗ್ಗಿ ಮುಗಿದು, ಅಡಿಕೆ ಮಂಡಿಗೆ ಹೋಗುವ ಮೊದಲಿನ ದಿನಗಳೇ ಬೇಕಿತ್ತು. ಅದೂ ರಾತ್ರಿ ಹತ್ತರ ಮೇಲೆ. ಸಂಜೆ ಎಲ್ಲರ ಪಂಪು, ಮಿಕ್ಸಿ ನಡೆಯುವಾಗ ವೋಲ್ಟೇಜ್ ಇಳಿದು ವಾಲ್ವ್ ಬಸವಳಿಯುತ್ತದೆ. ರಾತ್ರಿ ಕರೆಂಟು ಗಟ್ಟಿ, ಫಜ್‌ಗೂ ತಂಪು.

ಡ್ರಮ್ಸ್‌ಗೆ ಮೂರೇ ಮೈಕು. ಲಂಡನ್ನಿನ ಇಂಜಿನಿಯರ್ ಗ್ಲಿನ್ ಜಾನ್ಸ್ ಬಳಸುತ್ತಿದ್ದ ಕ್ರಮ ಅದು. ಒಂದು ಮೇಲೆ, ಒಂದು ಬಲಪಕ್ಕದಲ್ಲಿ ಫ್ಲೋರ್ ಟಾಮ್‌ನ (ನೆಲದ ಮೇಲೆ ನಿಲ್ಲುವ ದೊಡ್ಡ ಡ್ರಮ್) ಆಚೆ, ಎರಡೂ ನಡುವಿನ ಸ್ನೇರ್ ಡ್ರಮ್‌ನಿಂದ ಸರಿಸಮ ದೂರ. ಮೂರನೆಯದು ಕಿಕ್ ಡ್ರಮ್ ಮುಂದೆ. ಸ್ನೇರ್ ನಡುವೆ ದಾರದ ತುದಿ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಎರಡೂ ಮೈಕಿಗೆ ಮುಟ್ಟಿಸಿ ಅಳೆದೆವು. ದೂರ ತಪ್ಪಿದರೆ ಸ್ನೇರ್ ಸದ್ದು ಎರಡು ಮೈಕಿಗೆ ಬೇರೆ ಬೇರೆ ಹೊತ್ತಿಗೆ ತಲುಪಿ ತೆಳ್ಳಗಾಗುತ್ತದೆ. ಗಿಟಾರು, ಬೇಸ್‌ಗೆ ಒಂದೊಂದು ಮೈಕು. ಮೂವರೂ ಒಬ್ಬರ ಮುಖ ಒಬ್ಬರು ನೋಡುತ್ತಾ ಒಟ್ಟಿಗೆ ನುಡಿಸಿದೆವು. ಹಾಡನ್ನು ಮಾತ್ರ ಆಮೇಲೆ ಸೇರಿಸಿದ್ದು. ಒಂದು ಹಾಡಿನ ಕೊನೆಯಲ್ಲಿ ಲಯ ಏರಿದೆ. ಕೇಳಿದರೆ ಗೊತ್ತಾಗುತ್ತದೆ. ಹಾಗೇ ಇಟ್ಟಿದ್ದೇವೆ, ಅಲ್ಲಿ ಏರಲೇಬೇಕಿತ್ತು.

ಈಗ ಬೇಸ್‌ಗೂ ಇಂಥದೇ ಒಂದು ಆಂಪ್ಲಿಫೈಯರ್ ಬೇಕಾಗಿದೆ. ಹೊಸನಗರ, ಸೊರಬ, ಕೊಪ್ಪ, ಶೃಂಗೇರಿ ಕಡೆ ಯಾರ ಮನೆಯ ಅಟ್ಟದಲ್ಲಾದರೂ ಹಳೇ ವಾಲ್ವ್ ಮೈಕ್ ಸೆಟ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ, ನಮಗೆ ತಿಳಿಸಿ. ಕೆಟ್ಟಿದ್ದರೂ ಪರವಾಗಿಲ್ಲ, ಟ್ರಾನ್ಸ್‌ಫಾರ್ಮರ್ ಸರಿ ಇದ್ದರೆ ಸಾಕು. ಆನ್ ಮಾಡಿ ನೋಡಲು ಮಾತ್ರ ಹೋಗಬೇಡಿ. ಸೀರೀಸ್ ಬಲ್ಬ್ ನಾವೇ ತರುತ್ತೇವೆ.