ನಡೆದು ಸವೆದದ್ದಕ್ಕಿಂತ ಇಟ್ಟು ಹಾಳಾದದ್ದೇ ಜಾಸ್ತಿ

ಮದುವೆಗೆ ತೆಗೆದುಕೊಂಡ ಕಪ್ಪು ಶೂ ಆರು ವರ್ಷ ಡಬ್ಬಿಯಲ್ಲೇ ಇತ್ತು. ಹಾಕಿದ್ದು ನಾಲ್ಕೇ ಸಲ. ದಿನಾ ಹಾಕುವ ಶೂ ಕಿತ್ತುಹೋದ ಒಂದು ಬೆಳಿಗ್ಗೆ ಅದನ್ನೇ ಹಾಕಿಕೊಂಡು ತೀರ್ಥಹಳ್ಳಿಗೆ ಹೊರಟೆ. ನಾನು ಮೆಡಿಕಲ್ ರೆಪ್. ಶಿವಮೊಗ್ಗದಲ್ಲಿ ಮನೆ, ತಿರುಗಾಟವೆಲ್ಲ ಮಲೆನಾಡಿನಲ್ಲಿ. 'ಚಪ್ಪಲಿ ಹೊರಗೆ ಬಿಡಿ' ಅನ್ನುವ ಬೋರ್ಡ್ ಇಲ್ಲದ ಅಪರೂಪದ ಕ್ಲಿನಿಕ್ ಅದು. ಡಾಕ್ಟರಿಗೆ ಕಾಯುತ್ತಾ ನಿಂತಿದ್ದಾಗ ಅಲ್ಲಿನ ಹುಡುಗಿ, "ಸಾರ್, ನಿಮ್ಮ ಕಾಲಿಂದ ಏನೋ ಉದುರ್ತಿದೆ" ಅಂದಳು. ತಿರುಗಿ ನೋಡಿದರೆ ಬಿಳಿ ಟೈಲ್ಸ್ ಮೇಲೆ ಬಾಗಿಲಿಂದ ನನ್ನ ತನಕ ಕಪ್ಪು ಪುಡಿಯ ಸಾಲು.

ಬಸ್ ಸ್ಟ್ಯಾಂಡ್ ಹತ್ತಿರ ಶೂ ರಿಪೇರಿ ಮಾಡುವ ಯಜಮಾನರಿಗೆ ತೋರಿಸಿದೆ. ಶೂ ಅಡಿಯ ಸೋಲ್ ಅನ್ನು ಹೆಬ್ಬೆರಳಿನಿಂದ ಒತ್ತಿದರು. ರಸ್ಕ್ ಹಾಗೆ ಪುಡಿಯಾಯಿತು. "ಅಂಟೂ ಹಿಡಿಯಲ್ಲ, ಹೊಲಿಗೆನೂ ನಿಲ್ಲಲ್ಲ ಸಾರ್. ಎಷ್ಟು ವರ್ಷ ಇಟ್ಟಿದ್ರಿ?" ಅಂದರು. ನಾನು ವರ್ಷ ಹೇಳಿದ ಮೇಲೆ ಶೂ ವಾಪಸ್ ಕೊಟ್ಟು, ಮುಂದಿನ ಚಪ್ಪಲಿ ಕೈಗೆತ್ತಿಕೊಂಡರು.

ಅದು ಪಿಯು ಸೋಲ್, ಅಂದರೆ ಪಾಲಿಯುರೆಥೇನ್. ಹಗುರ, ಮೆತ್ತಗೆ, ನಿಂತು ಕೆಲಸ ಮಾಡುವವರಿಗೆ ಸುಖ. ಆದರೆ ಗಾಳಿಯಲ್ಲಿರುವ ತೇವ ಅದನ್ನು ಒಳಗಿನಿಂದಲೇ ನಿಧಾನವಾಗಿ ಒಡೆಯುತ್ತದೆ. ಹಾಕದೆ ಇಟ್ಟರೂ ಒಡೆಯುತ್ತದೆ. ನಮ್ಮ ಕಡೆಯ ಮಳೆಗಾಲಕ್ಕೆ ಕೇಳಬೇಕೇ? ರಿಯಾಯಿತಿ ಸಿಕ್ಕಿತೆಂದು ಎರಡು ಜೊತೆ ತಂದು ಒಂದನ್ನು 'ಮುಂದಕ್ಕಿರಲಿ' ಅಂತ ಎತ್ತಿಡುವ ಅಭ್ಯಾಸ ಅವತ್ತೇ ಬಿಟ್ಟೆ. ಈಗ ಅಂಗಡಿಯಲ್ಲಿ ಮೊದಲು ಶೂ ತಿರುಗಿಸಿ ಸೋಲ್ ಯಾವುದು ಅಂತ ಕೇಳುತ್ತೇನೆ. ರಬ್ಬರ್ ಸ್ವಲ್ಪ ಭಾರ, ಇರಲಿ. ಒದ್ದೆ ಟೈಲ್ಸ್ ಮೇಲೆ ಜಾರುವುದೂ ಕಡಿಮೆ, ಅಡಿಯಲ್ಲಿ ಗೆರೆಗಳು ಆಳವಾಗಿದ್ದರೆ.

ಅಳತೆಯ ವಿಷಯದಲ್ಲೂ ಪೆಟ್ಟು ತಿಂದೇ ಕಲಿತೆ. ಕೆಲಸಕ್ಕೆ ಸೇರುವಾಗ ಮೊದಲ ಶೂ ಕೊಂಡದ್ದು ಬೆಳಿಗ್ಗೆ, ಸಾಕ್ಸ್ ಇಲ್ಲದೆ. ಬಿಗಿ ಇದೆ ಅಂದೆ. "ಹಾಕ್ತಾ ಹಾಕ್ತಾ ಸರಿಹೋಗುತ್ತೆ ಸಾರ್" ಅಂದ ಅಂಗಡಿ ಹುಡುಗ. ಅವನ ಮಾತು ಅರ್ಧ ನಿಜ. ಚರ್ಮ ಅಗಲಕ್ಕೆ ಸಡಿಲವಾಗುತ್ತದೆ, ಉದ್ದಕ್ಕೆ ಬೆಳೆಯುವುದಿಲ್ಲ. ಮೂರನೇ ದಿನ ಶೂ ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ನಾನು ಮಾರುತ್ತಿದ್ದ ಮುಲಾಮನ್ನೇ ಹಚ್ಚಿಕೊಂಡೆ, ಬೇರೆ ಮಾತು.

ದಿನವಿಡೀ ಓಡಾಡಿದ ಕಾಲು ಸಂಜೆಗೆ ಊದಿರುತ್ತದೆ. ಅದಕ್ಕೇ ಈಗ ಕೆಲಸ ಮುಗಿಸಿ ಸಂಜೆ ಹೋಗುತ್ತೇನೆ, ದಿನಾ ಹಾಕುವ ಸಾಕ್ಸ್ ಹಾಕಿಕೊಂಡೇ. ನನ್ನ ಬಲಗಾಲು ಎಡಗಾಲಿಗಿಂತ ಕೊಂಚ ದೊಡ್ಡದು. ಅದಕ್ಕೆ ಸರಿಯಾದದ್ದನ್ನೇ ಆರಿಸುತ್ತೇನೆ. ಬೆರಳ ತುದಿಯಿಂದ ಮುಂದಕ್ಕೆ ಒಂದು ಹೆಬ್ಬೆರಳಗಲ ಜಾಗ ಬೇಕು. ಡಬ್ಬಿಯ ಮೇಲಿನ ನಂಬರನ್ನು ಪೂರ್ತಿ ನಂಬುವುದಿಲ್ಲ. ಯುಕೆ ಅಳತೆಯಲ್ಲಿ ಒಂದು ನಂಬರಿನ ವ್ಯತ್ಯಾಸ ಸುಮಾರು 8.5 ಮಿಲಿಮೀಟರ್, ಯುರೋಪಿನ ಅಳತೆಯಲ್ಲಿ 6.7. ಒಂದಕ್ಕೊಂದು ಸರಿಯಾಗಿ ಕೂರುವುದೇ ಇಲ್ಲ. ಮೇಲಿಂದ ಒಂದೊಂದು ಕಂಪನಿಯ ಅಚ್ಚು ಒಂದೊಂದು ಥರ. ಕೊನೆಗೆ ಶೂ ಕೈಯಲ್ಲಿ ಹಿಡಿದು ಮಡಚುತ್ತೇನೆ. ಬೆರಳು ಬಾಗುವ ಕಡೆ ಬಾಗಬೇಕು. ನಟ್ಟನಡುವೆ ಮಡಚಿಕೊಂಡರೆ ವಾಪಸ್.

ಲೇಸ್ ಇರುವ ಶೂ ಕಾಲಿಗೆ ಚೆನ್ನಾಗಿ ಹಿಡಿಯುತ್ತದೆ, ಒಪ್ಪುತ್ತೇನೆ. ಆದರೆ ದಿನಕ್ಕೆ ಹತ್ತು ಹನ್ನೆರಡು ಕ್ಲಿನಿಕ್ ಬಾಗಿಲಲ್ಲಿ ಬಿಚ್ಚಿ ಕಟ್ಟುವವನಿಗೆ ಅದು ಆಗದ ಮಾತು. ಲೇಸ್ ಇಲ್ಲದ್ದೇ ಹಾಕುತ್ತೇನೆ. ಅವಸರದಲ್ಲಿ ಹಿಮ್ಮಡಿ ತುಳಿದು ಹಾಕಿದರೆ ಹಿಂಭಾಗ ಎರಡೇ ತಿಂಗಳಲ್ಲಿ ಸತ್ತುಹೋಗುತ್ತದೆ, ಅದಕ್ಕೆ ಬ್ಯಾಗಿನಲ್ಲಿ ಶೂ ಹಾರ್ನ್, ಅಂದರೆ ಹಿಮ್ಮಡಿಯನ್ನು ಜಾರಿಸಿ ಶೂ ಒಳಗೆ ಇಳಿಸುವ ಪ್ಲಾಸ್ಟಿಕ್ ಪಟ್ಟಿ, ಇರುತ್ತದೆ. ಮನೆಯಲ್ಲಾದರೆ ಚಮಚದ ಹಿಡಿಯೇ ಸಾಕು.

ಇನ್ನು ಮಳೆ. ಒಮ್ಮೆ ಆಗುಂಬೆಯಲ್ಲಿ ನೆನೆದು ತೊಪ್ಪೆಯಾಗಿ ಅಕ್ಕನ ಮನೆಗೆ ಹೋದೆ. ಬೆಳಿಗ್ಗೆಗೆ ಒಣಗಲಿ ಅಂತ ಶೂಗಳನ್ನು ಬಚ್ಚಲೊಲೆ ಪಕ್ಕ ಇಟ್ಟೆ. ಒಣಗಿದ್ದೇನೋ ಹೌದು, ಹಪ್ಪಳದ ಹಾಗೆ. ಚರ್ಮ ಬಿರಿದಿತ್ತು, ಅಂಟು ಬಿಟ್ಟು ಮೂತಿ ಬಾಯಿ ತೆರೆದಿತ್ತು. "ನಿನ್ನೆ ನನ್ನ ಕೇಳಬಾರದಿತ್ತಾ ಮಾರಾಯ" ಅಂದಳು ಅಕ್ಕ. ಬಿಸಿ ಬೇಡ, ಗಾಳಿ ಬೇಕು. ಈಗ ಒಳಗಿನ ಅಟ್ಟೆ ತೆಗೆದು ಬೇರೆ ಇಡುತ್ತೇನೆ. ಹಳೇ ಪೇಪರ್ ಉಂಡೆ ಮಾಡಿ ಶೂ ಒಳಗೆ ತುರುಕಿ, ಒಂದು ಗಂಟೆ ಬಿಟ್ಟು ಬದಲಿಸುತ್ತೇನೆ. ಆಮೇಲೆ ಫ್ಯಾನ್ ಕೆಳಗೆ. ಪಾಲಿಶ್ ಹಚ್ಚುವುದು ಪೂರ್ತಿ ಒಣಗಿದ ಮೇಲೆ, ಅದೂ ಡಬ್ಬಿಯ ಮೇಣದ ಪಾಲಿಶ್. ಮೊದಲು ಧೂಳು ಝಾಡಿಸಿ, ತೆಳ್ಳಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಬ್ರಶ್ ಹೊಡೆದರೆ ಆಯಿತು. ಬೂಷ್ಟು ಬಂದರೆ ಅಂಗಳಕ್ಕೆ ಒಯ್ದು ಒಣ ಬಟ್ಟೆಯಲ್ಲಿ ಒರೆಸುತ್ತೇನೆ. ಮನೆಯೊಳಗೆ ಝಾಡಿಸಿದರೆ ಪಕ್ಕದ ಶೂಗೂ ಹತ್ತುತ್ತದೆ.

ದಿನಾ ಒಂದೇ ಶೂ ಹಾಕುತ್ತಿದ್ದಾಗ ಒಂದು ಜೊತೆ ಎಂಟು ತಿಂಗಳೂ ಬರುತ್ತಿರಲಿಲ್ಲ. ಬೆವರು ಆರುವ ಮೊದಲೇ ಮತ್ತೆ ಕಾಲು ತೂರಿಸುತ್ತಿದ್ದೆ, ಅಲ್ವಾ? ಈಗ ಎರಡು ಜೊತೆ, ದಿನ ಬಿಟ್ಟು ದಿನ. ಎರಡಕ್ಕೂ ಮೂರನೇ ವರ್ಷ ನಡೆಯುತ್ತಿದೆ. ವಾಸನೆಯೂ ಇಲ್ಲ, ಕ್ಲಿನಿಕ್ ಬಾಗಿಲಲ್ಲಿ ಬಿಚ್ಚಲು ಮುಜುಗರವೂ ಇಲ್ಲ.

ಜೂನ್ ಬಂತೆಂದರೆ ಶೂ ಪ್ಲಾಸ್ಟಿಕ್ ಕವರ್ ಸೇರಿ ಬ್ಯಾಗಿನೊಳಗೆ ಹೋಗುತ್ತದೆ, ಕಾಲಿಗೆ ರಬ್ಬರ್ ಚಪ್ಪಲಿ. ಬಸ್ ಸ್ಟ್ಯಾಂಡ್ ಬೆಂಚಿನ ಮೇಲೆ ಕೂತು ಕಾಲು ಒರೆಸಿಕೊಂಡು ಶೂ ಹಾಕುತ್ತೇನೆ. ಮೊದಲ ವರ್ಷ ಜೊತೆಯ ರೆಪ್‌ಗಳು ನಕ್ಕಿದ್ದರು. ಕಳೆದ ಜುಲೈನಲ್ಲಿ ಅದೇ ಬೆಂಚಿನ ಮೇಲೆ ನನಗೇ ಜಾಗ ಇರಲಿಲ್ಲ.