ಸೊನ್ನೆ ಕೇಸಿನ ಊರಿಗೂ ಪಾಲು ಕೊಟ್ಟೆವು

ಕ್ಯಾಲಿಫೋರ್ನಿಯಾದ ಒಂದು ಕೌಂಟಿ ಆರೋಗ್ಯ ಇಲಾಖೆಯಲ್ಲಿ ನನ್ನದು ಲೆಕ್ಕಪತ್ರದ ಕೆಲಸ. ಮಕ್ಕಳ ಮೈಗೆ ಸೀಸ ಸೇರದಂತೆ ನೋಡಿಕೊಳ್ಳುವ ಕಾರ್ಯಕ್ರಮದ ದುಡ್ಡನ್ನು ಬೇರೆ ಬೇರೆ ಊರುಗಳ ತಂಡಗಳಿಗೆ ಹಂಚಬೇಕು. ಆ ದುಡ್ಡು ಬರುವ ದಾರಿ ನನಗೆ ಇಷ್ಟ. 1991ರ ಕಾನೂನಿನಂತೆ ಪೆಟ್ರೋಲ್, ಬಣ್ಣದಂಥ ಉದ್ಯಮಗಳು, ಅಂದರೆ ಸೀಸ ಹರಡಿದವರೇ ಶುಲ್ಕ ಕಟ್ಟಬೇಕು. ಇದು ಸರಿಯಲ್ಲ ಅಂತ ಒಂದು ಬಣ್ಣದ ಕಂಪನಿ ಕೋರ್ಟಿಗೆ ಹೋಗಿತ್ತು. 1997ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಶುಲ್ಕವನ್ನು ಎತ್ತಿಹಿಡಿಯಿತು.

ಹಂಚುವಾಗಲೇ ನಾನು ಎಡವಿದ್ದು. ಮೊದಲ ಸಲ ಸುಲಭದ ಲೆಕ್ಕ ಹಾಕಿದೆ. ಯಾವ ಊರಲ್ಲಿ ಎಷ್ಟು ಮಕ್ಕಳ ರಕ್ತದಲ್ಲಿ ಸೀಸ ಸಿಕ್ಕಿದೆಯೋ, ಅಂದರೆ ಎಷ್ಟು ಕೇಸಿದೆಯೋ, ಆ ಊರಿಗೆ ಅಷ್ಟು ಪಾಲು. ನ್ಯಾಯ ಅಲ್ವಾ? ಪಟ್ಟಿ ನೋಡಿದ ಹಿರಿಯ ನರ್ಸ್ ಒಬ್ಬರು ಒಂದು ಸೊನ್ನೆಯ ಮೇಲೆ ಬೆರಳಿಟ್ಟು, "ಇಲ್ಲಿ ಎಷ್ಟು ಮಕ್ಕಳ ರಕ್ತ ತೆಗೆದಿದ್ದಾರೆ?" ಅಂದರು.

ತೆಗೆದೇ ಇರಲಿಲ್ಲ ಅನ್ನಬೇಕು. ಮೆಡಿ-ಕ್ಯಾಲ್‌ನಲ್ಲಿ, ಅಂದರೆ ಬಡವರಿಗಾಗಿ ಇರುವ ರಾಜ್ಯದ ಆರೋಗ್ಯ ವಿಮೆಯಲ್ಲಿ, ಇರುವ ಮಕ್ಕಳಿಗೆ 12 ಮತ್ತು 24 ತಿಂಗಳಲ್ಲಿ ಪರೀಕ್ಷೆ ಆಗಲೇಬೇಕು. ಆದರೂ ಲಕ್ಷಗಟ್ಟಲೆ ಮಕ್ಕಳಿಗೆ ಆಗಿಲ್ಲ ಅಂತ 2020ರಲ್ಲಿ ರಾಜ್ಯದ ಆಡಿಟರೇ ಬರೆದಿದ್ದರು. ಹುಡುಕದಿದ್ದರೆ ಕೇಸಿಲ್ಲ. ಕೇಸಿಲ್ಲದಿದ್ದರೆ ದುಡ್ಡಿಲ್ಲ. ದುಡ್ಡಿಲ್ಲದಿದ್ದರೆ ಹುಡುಕುವವರಿಲ್ಲ. ಸಾಲದ್ದಕ್ಕೆ ನಾನು ತೆಗೆದುಕೊಂಡಿದ್ದು ಕೋವಿಡ್ ವರ್ಷದ ಅಂಕಿ. ಆಗ ಎಷ್ಟೋ ಜನ ಮಗುವನ್ನು ಕ್ಲಿನಿಕ್ಕಿಗೇ ಕರೆತಂದಿರಲಿಲ್ಲ.

ಮತ್ತೆ ಮೊದಲಿಂದ ಕೂತೆ. ಪ್ರತಿ ತಂಡದಲ್ಲೂ ಒಬ್ಬ ನರ್ಸ್, ಮನೆ ತಪಾಸಣೆ ಮಾಡುವ ಒಬ್ಬರು ಇರುವಷ್ಟು ಮೊತ್ತ ಮೊದಲೇ ತೆಗೆದಿಟ್ಟೆ. ಒಂದೇ ಕೇಸು ಅಂತ ಅರ್ಧ ನರ್ಸನ್ನು ಕಳಿಸಲು ಆಗುತ್ತದೆಯೇ? ಉಳಿದದ್ದಕ್ಕೆ ಮೂರು ಅಳತೆ: ಆರು ವರ್ಷದೊಳಗಿನ ಮೆಡಿ-ಕ್ಯಾಲ್ ಮಕ್ಕಳು, ಹಳೇ ಮನೆಗಳು, ಮೂರು ವರ್ಷದ ಕೇಸುಗಳ ಸರಾಸರಿ. ಮನೆ ಕಟ್ಟಿದ ದಶಕ ಜನಗಣತಿಯವರ ಅಂಕಿಗಳಲ್ಲಿ ಸಿಗುತ್ತದೆ. ಮನೆಯ ಬಣ್ಣದಲ್ಲಿ ಸೀಸ ನಿಷೇಧವಾಗಿದ್ದು 1978ರಲ್ಲಿ. 1950ಕ್ಕಿಂತ ಹಿಂದಿನ ಮನೆಗಳಲ್ಲಿ ಅದು ಇನ್ನೂ ಜಾಸ್ತಿ, ಹಾಗಾಗಿ ಅವಕ್ಕೆ ಹೆಚ್ಚು ತೂಕ ಕೊಟ್ಟೆ.

ಈ ತೂಕ ಯಾಕೆ ಅಂತ ಕುರ್ಚಿಯಲ್ಲಿ ಕೂತು ಗೊತ್ತಾಗಿದ್ದಲ್ಲ. ಒಮ್ಮೆ ನರ್ಸ್ ಜೊತೆ ಹಳೇ ಬಾಡಿಗೆ ಮನೆಯೊಂದಕ್ಕೆ ಹೋಗಿದ್ದೆ. ಮೇಲೆ ಕೆಳಗೆ ಜಾರುವ ಮರದ ಕಿಟಕಿ. ಎತ್ತಿದಾಗಲೆಲ್ಲ ಬಣ್ಣ ಉಜ್ಜಿ ಹಿಟ್ಟಿನಂಥ ಪುಡಿ ದಂಡೆಯ ಮೇಲೆ ಉದುರುತ್ತಿತ್ತು. ಮಗು ಅಲ್ಲೇ ಕೈಯೂರಿ ನಿಂತು ಬೀದಿ ನೋಡುತ್ತಿತ್ತು, ಆಮೇಲೆ ಬೆರಳು ಬಾಯಿಗೆ.

ಇನ್ನೊಂದು ಭೇಟಿ ನಮ್ಮ ಕನ್ನಡದವರ ಮನೆಗೆ. ಹೊಸ ಮನೆ, ಗೋಡೆಯಲ್ಲಿ ಏನೂ ಸಿಗಲಿಲ್ಲ. ಅಡುಗೆಮನೆಯ ಡಬ್ಬಿ ಕೇಳಿದಾಗ ಆಕೆ, "ಇದು ಊರಿಂದ ತಂದ ಅರಿಶಿನ, ಅಂಗಡೀದಲ್ಲ ಕಣ್ರೀ" ಅಂದರು. ಸೀಸ ಇದ್ದದ್ದು ಅದರಲ್ಲೇ. ಹಳದಿ ಹೊಳೆಯಲಿ ಅಂತ ಲೆಡ್ ಕ್ರೋಮೇಟ್ ಅನ್ನುವ ಸೀಸದ ಹಳದಿ ಬಣ್ಣ ಬೆರೆಸುವವರಿದ್ದಾರೆ. ಹಳೇ ಮನೆ ಎಣಿಸಿದರೆ ಇಂಥ ಮಗು ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ಕೇಸಿನ ಅಳತೆಯನ್ನು ಪೂರ್ತಿ ಕೈಬಿಡಲಿಲ್ಲ.

ಜಾಸ್ತಿ ಕೇಸಿದ್ದ ತಂಡದವರು ಸಿಟ್ಟಾದರು. ಅವರ ಮಾತಲ್ಲೂ ಹುರುಳಿತ್ತು: ಚೆನ್ನಾಗಿ ಹುಡುಕಿದ ತಪ್ಪಿಗೆ ದುಡ್ಡು ಕಡಿತವೇ? ಒಂದೇ ಸಲ ಕತ್ತರಿ ಹಾಕದೆ ಮೂರು ವರ್ಷಕ್ಕೆ ಹಂಚಿದೆವು. ಯಾರ ಕೆಲಸವೂ ಹೋಗಲಿಲ್ಲ.

ಮುಂದಿನ ವರ್ಷ ಆ ಸೊನ್ನೆಯ ಊರಲ್ಲಿ ಕೇಸುಗಳು ಕಾಣಿಸಿಕೊಂಡವು. ಸಭೆಯಲ್ಲಿ ಒಬ್ಬರು, "ದುಡ್ಡು ಕೊಟ್ಟ ಮೇಲೆ ಜಾಸ್ತಿ ಆಯ್ತಲ್ರೀ?" ಅನ್ನುವ ಧಾಟಿಯಲ್ಲಿ ಕೇಳಿದರು. ಆಗಿನಿಂದ ಕೇಸಿನ ಪಕ್ಕದಲ್ಲೇ ಎಷ್ಟು ಮಕ್ಕಳ ರಕ್ತ ತೆಗೆದಿದ್ದೇವೆ ಅನ್ನುವ ಕಾಲಂ ಹಾಕದೆ ನಾನು ಯಾವ ಪಟ್ಟಿಯನ್ನೂ ಸಭೆಗೆ ಒಯ್ಯುವುದಿಲ್ಲ.